ಪ್ಲಗ್ಗೋತ್ಪಾಟನ ಮೀಮಾಂಸೆ

ಗುಡುಗು ಕೇಳಿಸಿದೊಡನೆ ಟೀವಿಯ ಪ್ಲಗ್ ಕೀಳುವ ಕರ್ಮ ನಿತ್ಯವೋ, ನೈಮಿತ್ತಿಕವೋ, ಕಾಮ್ಯವೋ ಎಂಬುದು ಮಲೆನಾಡಿನ ಜಗಲಿ ವಿದ್ವತ್ಸಭೆಗಳಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಭರಣಿಯಿಂದ ರೋಹಿಣಿ ಮಳೆಯವರೆಗೆ ಹೆಚ್ಚುಕಡಿಮೆ ದಿನಾ ಸಂಜೆ ಗುಡುಗುವುದರಿಂದ ನಿತ್ಯವೆಂದು ತೀರ್ಥಹಳ್ಳಿ ಪಂಥ. ಮೋಡ ಕಟ್ಟಿದರೆ ಮಾತ್ರ ಮಾಡುವುದರಿಂದ ನೈಮಿತ್ತಿಕವೆಂದು ಸಾಗರ ಪಂಥ. ಟೀವಿಯ ಕಂತು ಇನ್ನೂ ತೀರದವರಿಗೆ ಇದು ಕಾಮ್ಯ. ಅಧಿಕಾರಿ ಯಾರೆಂಬುದರಲ್ಲಿ ಮಾತ್ರ ಭಿನ್ನಮತವಿಲ್ಲ: ಅಜ್ಜಿ. “ತೆಗಿಯೋ ಮಾಣಿ, ಪ್ಲಗ್ಗು!” ಎಂಬ ವಿಧಿವಾಕ್ಯ ಹೊರಟ ಮೇಲೆ, ಧಾರಾವಾಹಿಯಲ್ಲಿ ತಾಳಿ ಕಟ್ಟುವ ಘಳಿಗೆಯೇ ಬಂದಿದ್ದರೂ ಅಪೀಲಿಲ್ಲ. ಜೊತೆಗೆ ಆಕೆ ಪಠಿಸುವ ಅರ್ಜುನನ ಹತ್ತು ಹೆಸರುಗಳಿಂದ ಮನುಷ್ಯರಿಗೆ ಧೈರ್ಯ ಬರುವುದು ಅನುಭವಸಿದ್ಧ. ಮದರ್‌ಬೋರ್ಡಿಗೆ ಬರುವುದಕ್ಕೆ ಪ್ರಮಾಣ ದೊರೆತಿಲ್ಲ.

ಪೂರ್ವಪಕ್ಷದಲ್ಲಿ ಮೊದಲು ನಿಲ್ಲುವವರು ಸ್ವಿಚ್‌ವಾದಿಗಳು. “ಆರಿಸಿದರೆ ಸಾಕು, ಕೀಳುವುದೇಕೆ?” ಎಂಬುದು ಅವರ ತರ್ಕ. ಒಂದು ಮಿಲಿಮೀಟರ್ ಗಾಳಿ ತಡೆಯುವುದು ಸುಮಾರು 3,000 ವೋಲ್ಟ್. ಸ್ವಿಚ್ಚಿನೊಳಗೆ ಇರುವುದು ಕೆಲವೇ ಮಿಲಿಮೀಟರ್. ಕಿಲೋಮೀಟರುಗಟ್ಟಲೆ ಆಕಾಶ ಸೀಳಿ, 30,000 ಆಂಪಿಯರ್ ಹೊತ್ತು ಬಂದ ಮಹಾಶಯ ಆ ಸಂದಿಯೆದುರು ನಿಂತು, “ಓಹೋ, ಆಫ್ ಆಗಿದೆಯಲ್ಲ” ಎಂದು ಹಿಂದಿರುಗುತ್ತಾನೆಂಬುದು ಅಪಾರ ಭಕ್ತಿಯ ಮಾತು. ಸಾಲದ್ದಕ್ಕೆ ಆ ಸ್ವಿಚ್ಚು ಕಡಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್ ತಂತಿ ಟೀವಿಗೆ ಅಂಟಿಕೊಂಡೇ ಇರುತ್ತದೆ.

ಸ್ಟೆಬಿಲೈಜರ್‌ವಾದಿಗಳಿಗೆ ಹೆಚ್ಚು ಹೇಳಬೇಕಿಲ್ಲ. ಸಿಡಿಲಿನ ಹೊಡೆತ ಮೈಕ್ರೋಸೆಕೆಂಡುಗಳ ವ್ಯವಹಾರ. ರಿಲೇ ‘ಟಕ್’ ಎನ್ನುವುದರೊಳಗೆ ಟೀವಿ ‘ಚಟ್’ ಎಂದಾಗಿರುತ್ತದೆ.

ಸ್ಪೈಕ್ ಗಾರ್ಡ್ ಪಂಥ ಇವರಿಗಿಂತ ಗೌರವಾರ್ಹ. ಅದರೊಳಗಿನ ಸತುವಿನ ಆಕ್ಸೈಡಿನ ಬಿಲ್ಲೆ, ಅಂದರೆ ವೇರಿಸ್ಟರ್, 230 ವೋಲ್ಟಿನಲ್ಲಿ ಮೌನವಾಗಿದ್ದು, ವೋಲ್ಟೇಜ್ ಮಿತಿಮೀರಿದಾಗ ತಾನೇ ದಾರಿಯಾಗಿ ಹೊಡೆತವನ್ನು ಬೇರೆಡೆ ಹರಿಸುತ್ತದೆ. ಪ್ರತಿ ಹೊಡೆತಕ್ಕೂ ಸವೆದು ಒಂದು ದಿನ ಸದ್ದಿಲ್ಲದೆ ನಿರ್ವಾಣ ಹೊಂದುತ್ತದೆ. ಆಮೇಲೂ ಪಟ್ಟಿಯ ಕೆಂಪು ದೀಪ ಉರಿಯುತ್ತಿರಬಹುದು, ಗೃಹಸ್ಥ ನಂಬುತ್ತಲೂ ಇರಬಹುದು. ಬೇರೆಡೆ ಎಂದರೆ ಎಲ್ಲಿಗೆ? ಭೂಮಿಗೆ. ಇಲ್ಲಿ ನಮ್ಮ ಗೃಹಸ್ಥಾಶ್ರಮದ ಮಹಾಪಾತಕವೊಂದನ್ನು ದಾಖಲಿಸಲೇಬೇಕು. ಪೈಪ್ ಹೂತು, ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಒದ್ದೆಯಿದ್ದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಡಿಲಿನ ಹಂಗಾಮು ಬರುವುದೋ ಬೇಸಿಗೆಯಿಡೀ ನೆಲ ಒಣಗಿ ಬಿರಿದ ಹೊತ್ತಿಗೆ ಸರಿಯಾಗಿ. ತುಳಸಿಗೆ ದಿನಾ ನೀರೆರೆಯುವ ಮನೆಯಲ್ಲಿ ಆ ಗುಂಡಿ ಕೊನೆಯ ಬಾರಿ ನೀರು ಕಂಡದ್ದು ಗೃಹಪ್ರವೇಶದಂದು. ಅಲ್ಲಿಗೆ ತಲುಪಬೇಕಾದ ಮೂರನೆಯ ಪಿನ್ನನ್ನಂತೂ, ಎರಡೇ ತೂತಿನ ಬೋರ್ಡಿಗೆ ಹೊಂದುವುದಿಲ್ಲವೆಂದು, ಯಾವನೋ ಪುಣ್ಯಾತ್ಮ ಮುರಿದಿಟ್ಟಿರುತ್ತಾನೆ.

ಇನ್ನು ನಾಸ್ತಿಕರ ಆಕ್ಷೇಪ: “ಪ್ಲಗ್ ಕಿತ್ತಿದ್ದೆವು, ಆದರೂ ಸುಟ್ಟಿತು!” ಸುಟ್ಟಿದ್ದು ನಿಜ. ಡಿಶ್ಶಿನ ಕೇಬಲ್ ಕಿತ್ತಿದ್ದಿರೋ? ಸಿಡಿಲು ಮನೆಗೇ ಬಡಿಯಬೇಕೆಂಬ ನಿಯಮವಿಲ್ಲ. ತೋಟದಾಚೆಯ ತೆಂಗಿಗೆ ಬಡಿದರೂ ಕಂಬದಿಂದ ಕಂಬಕ್ಕೆ ಎಳೆದ ತಂತಿಗಳಲ್ಲಿ ವೋಲ್ಟೇಜ್ ಚಿಮ್ಮುತ್ತದೆ. ಹಳೆಯ ಟೆಲಿಫೋನ್ ತಂತಿ ಹಿಡಿದು ಮೋಡೆಮ್ಮಿಗೂ, ಅಲ್ಲಿಂದ ಲ್ಯಾನ್ ವೈರಿನಲ್ಲಿ ಕಂಪ್ಯೂಟರಿಗೂ ಅದು ಬಂಧುಬಳಗದಂತೆ ಮನೆಮನೆ ಹೊಕ್ಕು ಹೋಗುತ್ತದೆ. ಫೈಬರ್ ಬಂದ ಮೇಲೆ ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದೆಂದು ಹಿಗ್ಗಿದವರು ಮೋಡೆಮ್ಮಿನ ಅಡಾಪ್ಟರನ್ನು ಗೋಡೆಯಲ್ಲೇ ಮರೆತರು. ಕರೆಂಟೇ ಹೋಗಿದೆಯೆಂದು ಧೈರ್ಯ ತಾಳಿದವರೂ ಉಂಟು. ತಂತಿ ಗೋಡೆಯವರೆಗೆ ಬಂದಿದೆ, ಸಿಡಿಲಿಗೆ ಅಷ್ಟು ಸಾಕು. ಇವೆಲ್ಲಕ್ಕೂ ರಿಪೇರಿಯವನ ಭಾಷ್ಯ ಎರಡೇ ಪದಗಳದ್ದು: “ಬೋರ್ಡ್ ಹೋಗಿದೆ.”

ಆದ್ದರಿಂದ ಸಿದ್ಧಾಂತ: ಎಲ್ಲ ತಂತಿಗಳನ್ನೂ ಕೀಳತಕ್ಕದ್ದು, ಅದೂ ಮೊದಲೇ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಾದರೆ ಸಿಡಿಲು ಒಂದು ಕಿಲೋಮೀಟರ್ ದೂರವಷ್ಟೇ. ಆಗ ಪ್ಲಗ್ಗಿಗೆ ಕೈಹಾಕುವ ಮಾಣಿ ತಾನೇ ಒಂದು ತಂತಿ. ಮುನ್ಸೂಚನೆಗೆಂದು ಪುಣೆಯ ಹವಾಮಾನ ವಿಜ್ಞಾನಿಗಳು ‘ದಾಮಿನಿ’ ಎಂಬ ಆ್ಯಪ್ ಮಾಡಿಕೊಟ್ಟಿದ್ದಾರೆ. ಮೊಬೈಲ್ ಸಿಗ್ನಲ್ ಇಲ್ಲದ ನಮ್ಮ ಕಣಿವೆಗಳಿಗೆ ಅದರ ಎಚ್ಚರಿಕೆ ಬರಬೇಕಾದದ್ದು ಮನೆಯ ವೈಫೈ ಮೂಲಕ. ಮೋಡೆಮ್ಮನ್ನು ಅಜ್ಜಿ ಮಧ್ಯಾಹ್ನವೇ ಕೀಳಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ.