ಹೌರಾ ಸೇತುವೆಯೂ ಎಲೆಯಡಿಕೆಯೂ

ಹೆಸರಾಂತ ಸೇತುವೆಗಳನ್ನು ನಡೆದೇ ದಾಟಬೇಕೆಂಬುದು ಪ್ರವಾಸಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಹಂಬಲವಾಗಿದ್ದು, ಕೋಲ್ಕತ್ತದ ಹೌರಾ ಸೇತುವೆಯ ಮಟ್ಟಿಗೆ ಅದನ್ನು ಈಡೇರಿಸುವ ಹೊಣೆಯನ್ನು ಹಿಂದಿನಿಂದ ಬರುವವರ ಮೊಣಕೈಗಳೇ ವಹಿಸಿಕೊಳ್ಳುತ್ತವೆ. ಹೌರಾ ನಿಲ್ದಾಣದಲ್ಲಿ ರೈಲಿಳಿದು ಸೇತುವೆ ಹತ್ತಿದವನು 705 ಮೀಟರ್ ದಾರಿಯಲ್ಲಿ ಸ್ವಂತ ಬುದ್ಧಿಯಿಂದ ಇಡುವ ಹೆಜ್ಜೆಗಳು ಬೆರಳೆಣಿಕೆಯವು. ಎರಡೂ ಬದಿಯ ಕಾಲುದಾರಿಗಳು ತಲಾ 15 ಅಡಿ ಅಗಲವಿವೆಯೆಂದು ದಾಖಲೆಗಳು ಹೇಳುತ್ತವೆಯಾದರೂ, ಕಚೇರಿಗೆ ಹೊರಡುವ ಹೊತ್ತಿನಲ್ಲಿ ಅಲ್ಲಿ ಟೇಪು ಹಿಡಿದು ಅಳೆಯುವ ಧೈರ್ಯ ಯಾರಿಗೂ ಇರಲಾರದು.

ಓದಿಕೊಂಡು ಬಂದ ಪ್ರವಾಸಿ ಮಾಡುವ ಮೊದಲ ತಪ್ಪೆಂದರೆ ತಲೆಯೆತ್ತುವುದು. ಈ ಸೇತುವೆ ‘ಕ್ಯಾಂಟಿಲಿವರ್’ ಬಗೆಯದು. ಅಂದರೆ ಎರಡು ದಡಗಳ ಗೋಪುರಗಳಿಂದ ಚಾಚಿಕೊಂಡ ಉಕ್ಕಿನ ತೋಳುಗಳೇ ನಡುವಿನ ಭಾಗವನ್ನು ಹಿಡಿದಿರುವುದರಿಂದ ಹೂಗ್ಲಿ ನದಿಯ ಹರಿವಿನ ನಡುವೆ ಒಂದೂ ಕಂಬವಿಲ್ಲ. ಸುಮಾರು 26,500 ಟನ್ ಉಕ್ಕನ್ನು ನಟ್ಟು ಬೋಲ್ಟುಗಳ ಹಂಗಿಲ್ಲದೆ ರಿವೆಟ್‌ಗಳಿಂದಲೇ, ಎಂದರೆ ಕೆಂಪಗೆ ಕಾಯಿಸಿ ತೂರಿಸಿದ ಮೊಳೆಯ ಇನ್ನೊಂದು ತುದಿಯನ್ನೂ ಬಡಿದು ತಲೆ ಮಾಡುವ ಕ್ರಮದಿಂದಲೇ, ಜೋಡಿಸಲಾಗಿದೆ. ಇದನ್ನು ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಉರುಹೊಡೆದವನು, ಪುಸ್ತಕ ಬರೆದವರ ಕಣ್ಣು ತಪ್ಪಿಸಿಕೊಂಡ ಒಂದಾದರೂ ನಟ್ಟು ಸಿಕ್ಕೀತೇ ಎಂದು ಕತ್ತೆತ್ತಿ ಹುಡುಕತೊಡಗುತ್ತಾನೆ. ಅಷ್ಟರಲ್ಲಿ ಸೇತುವೆಯ ಬುಡದಲ್ಲೇ ಇರುವ ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆಯಿಂದ ಚೆಂಡುಹೂವಿನ ಹೊರೆ ಹೊತ್ತ ಕೂಲಿಯಾಳು ಅರ್ಧ ಓಟದಲ್ಲಿ ಬರುತ್ತಾನೆ. ಅವನ ಕಣ್ಣವರೆಗೂ ಮಾಲೆಗಳು ಇಳಿಬಿದ್ದಿರುವುದರಿಂದಲೂ, ನಿಂತರೆ ಹೊರೆ ವಾಲುವುದರಿಂದಲೂ ಅವನು ನಿಲ್ಲುವುದಿಲ್ಲ. ಪ್ರವಾಸಿಯ ಸಂಶೋಧನೆ ಅಲ್ಲಿಗೆ ಮುಕ್ತಾಯವಾಗಿ, ಅಂಗಿಯ ಮೇಲೆ ನಾಲ್ಕಾರು ಕಿತ್ತಳೆ ಬಣ್ಣದ ಎಸಳುಗಳು ಅಂಟಿಕೊಳ್ಳುತ್ತವೆ.

ಜಪಾನಿ ವಿಮಾನಗಳ ಭಯದಿಂದ 1943ರ ಫೆಬ್ರುವರಿ 3ರಂದು ಈ ಸೇತುವೆಯನ್ನು ಸಮಾರಂಭವಿಲ್ಲದೆ ತೆರೆಯಲಾಯಿತು. ಮೊದಲು ದಾಟಿದ್ದು ಒಂಟಿ ಟ್ರಾಮು. 1965ರಲ್ಲಿ ಇಟ್ಟ ರವೀಂದ್ರ ಸೇತು ಎಂಬ ಹೆಸರನ್ನು ಜನ ಗೌರವದಿಂದ ಕಾಗದಪತ್ರಗಳಿಗೆ ಬಿಟ್ಟುಕೊಟ್ಟಿದ್ದಾರೆ. ಬಾಂಬಿಗೆ ಜಗ್ಗದೆ ಉಳಿದ ಉಕ್ಕು ಸೋತದ್ದು ಎಲೆಯಡಿಕೆಗೆ. ರಸ್ತೆಯನ್ನು ಮೇಲಿನಿಂದ ತೂಗಿ ಹಿಡಿದಿರುವ ಉಕ್ಕಿನ ತೊಲೆಗಳಿಗೆ ‘ಹ್ಯಾಂಗರ್’ ಎನ್ನುತ್ತಾರೆ; ಅವುಗಳ ಬುಡಕ್ಕೆ ತೊಡಿಸಿದ್ದ ಆರು ಮಿಲಿಮೀಟರ್ ದಪ್ಪದ ಉಕ್ಕಿನ ಕವಚಗಳು ಪಾದಚಾರಿಗಳು ಉಗುಳಿದ ಪಾನಿನ ರಸಕ್ಕೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕೆ ಸವೆದಿರುವುದು 2010ರ ಸುಮಾರಿಗೆ ಎಂಜಿನಿಯರುಗಳ ಗಮನಕ್ಕೆ ಬಂದು, ಮುಂದೆ ಫೈಬರ್‌ಗ್ಲಾಸಿನ ಹೊದಿಕೆ ತೊಡಿಸಬೇಕಾಯಿತು. ಇದನ್ನು ಕೇಳಿ ಬಂಗಾಳಿಗಳ ಮೇಲೆ ಮೂಗು ಮುರಿಯುವ ಮುನ್ನ ಕನ್ನಡಿಗ ಪ್ರವಾಸಿ ಸ್ವಲ್ಪ ತಡೆಯಬೇಕು, ಏಕೆಂದರೆ ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಅವನದೇ. ಶಿವಮೊಗ್ಗ, ಶಿರಸಿಗಳ ಮಂಡಿಯಲ್ಲಿ ದರ ಏರಿತೆಂದು ಹಿಗ್ಗುವವರಿಗೆ ಆ ಅಡಿಕೆ ಕೊನೆಗೆ ಯಾವ ಊರಿನ ಯಾವ ಕಂಬ ಸೇರಿತೆಂದು ವಿಚಾರಿಸುವ ರೂಢಿಯಿಲ್ಲ. ಹೌರಾದ ಕಲೆಗಳು ಅಸ್ಸಾಮಿನ ಅಡಿಕೆಯವೋ, ಬಂಗಾಳದವೋ, ಸಾಗರ ಸೀಮೆಯವೋ ಎಂದು ನಿರ್ಧರಿಸುವ ಪರೀಕ್ಷೆ ಯಾವುದೂ ನಡೆದಂತಿಲ್ಲವಾದ್ದರಿಂದ, ಸಂಶಯದ ಲಾಭ ಸದ್ಯಕ್ಕೆ ಮಲೆನಾಡಿಗೆ ಸಲ್ಲುತ್ತದೆ.

ಸೇತುವೆಯನ್ನು ಕಣ್ತುಂಬ ನೋಡಬೇಕೆನ್ನುವವರು ಅದರ ಮೇಲೆ ಹತ್ತದೆ, ನಿಲ್ದಾಣದ ಎದುರಿನ ಘಾಟಿನಿಂದ ಹೊರಡುವ ಲಾಂಚಿನಲ್ಲಿ ಕುಳಿತು ನದಿಯ ನಡುವಿನಿಂದ ನೋಡುವುದು ಲೇಸು. ನಡೆದೇ ತೀರುತ್ತೇವೆಂದು ಹಟ ಹಿಡಿದವರು ಹೂವಿನ ಹೊರೆಗೆ ದಾರಿ ಬಿಟ್ಟುಕೊಡಲಿ. ಬಾಯಲ್ಲೇನಾದರೂ ಇದ್ದರೆ ದಡದಲ್ಲೇ ಮುಗಿಸಿಕೊಂಡು ಹೊರಡಲಿ.