ಎಂಡ್ ಪಾಯಿಂಟ್ ದಾಟಿದ ಸಾರು

ಪಿಯುಸಿ ಮಕ್ಕಳಿಗೆ ವರ್ಷಗಟ್ಟಲೆ ರಸಾಯನಶಾಸ್ತ್ರ ಪಾಠ ಮಾಡಿ ನಾನು ಸಂಪಾದಿಸಿಕೊಂಡ ಆಸ್ತಿಯೆಂದರೆ ಒಂದು ನಂಬಿಕೆ: ಯಾಕೆ ಅನ್ನುವುದು ಗೊತ್ತಿದ್ದವರಿಗೆ ಹೇಗೆ ಅನ್ನುವುದು ತಾನಾಗಿಯೇ ಬರುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ಯಾಕೆ ಸಿಡಿಯುತ್ತದೆ? ಕಾಳಿನೊಳಗಿನ ನೀರು ಆವಿಯಾಗಿ ಸಿಪ್ಪೆಯನ್ನು ಒಡೆದುಕೊಂಡು ಬರುತ್ತದೆ. ಕುಕ್ಕರಿನಲ್ಲಿ ಬೇಳೆ ಯಾಕೆ ಬೇಗ ಬೇಯುತ್ತದೆ? ಒತ್ತಡ ಏರಿದಾಗ ನೀರು 100 ಡಿಗ್ರಿಗೆ ಕುದಿಯುವ ಬದಲು ಸುಮಾರು 120ರವರೆಗೆ ತಡೆದುಕೊಳ್ಳುತ್ತದೆ. ಇಷ್ಟೆಲ್ಲ ತಿಳಿದ ಸೊಸೆಯನ್ನು ನಮ್ಮ ಅತ್ತೆ ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿದ್ದದ್ದು ಕಾಫಿಗೆ ಹಾಲು ಕಾಯಿಸಲು ಮಾತ್ರ. ಡಿಕಾಕ್ಷನ್ ಅವರೇ ಇಳಿಸಿಟ್ಟಿರುತ್ತಿದ್ದರು. ಹಾಲು ಉಕ್ಕಿದಾಗ ಅದು ಯಾಕೆ ಉಕ್ಕಿತು ಎಂದು ನಾನು ವಿವರಿಸುತ್ತಿದ್ದೆ, ಅವರು ಒರೆಸುತ್ತಿದ್ದರು.

ಅಂಥ ಅತ್ತೆ ತಂಗಿಯ ಮೊಮ್ಮಗಳ ಬಾಣಂತನಕ್ಕೆಂದು ಸಾಗರದ ಕಡೆ ಹೋಗಿ ಕೂತ ಹೊತ್ತಿಗೆ ಸರಿಯಾಗಿ ಶಿವಮೊಗ್ಗದಲ್ಲಿ ಮಳೆ ಹಿಡಿಯಿತು. ತುಂಗೆಯಲ್ಲಿ ಮಂಟಪ ಮುಳುಗಿತಂತೆ ಎಂದು ಊರೆಲ್ಲ ಸುದ್ದಿ. ನಮ್ಮೂರಿನಲ್ಲಿ ಮಳೆ ಅಳೆಯುವುದು ಮಿಲಿಮೀಟರಿನಲ್ಲಲ್ಲ, ಮಂಟಪದಲ್ಲಿ. ಕಾಲೇಜಿಗೆ ರಜೆ ಘೋಷಣೆಯಾಯಿತು. ಯಜಮಾನರಿಗೆ ಶೀತ ಹಿಡಿದು, ಎರಡು ಮೂಗೂ ಕಟ್ಟಿ, ಶಾಲು ಹೊದ್ದು ಕೂತವರು ಒಂದೇ ಒಂದು ಆಸೆ ಹೇಳಿಕೊಂಡರು: "ಬಿಸಿ ಅನ್ನ, ತಿಳಿಸಾರು, ಮೇಲೊಂದು ಚೂರು ತುಪ್ಪ. ಸಿಂಪಲ್ ಆಗಿ. ಏನೂ ತರೋದು ಬೇಡ, ಮನೇಲಿರೋದ್ರಲ್ಲೇ ಆಗತ್ತೆ."

ಮನೆಯಲ್ಲಿರುವುದು ಎಲ್ಲಿದೆ ಎನ್ನುವುದೇ ಪ್ರಶ್ನೆಯಾಯಿತು. ಲ್ಯಾಬಿನಲ್ಲಿ ಲೇಬಲ್ ಇಲ್ಲದ ಬಾಟಲಿ ಕಂಡರೆ ಅಟೆಂಡರ್ ಮೇಲೆ ಹಾರಾಡುವವಳು ನಾನು. ಅತ್ತೆಯ ಬೀರುವಿನಲ್ಲಿ ಲೇಬಲ್‌ಗಳಿಗೇನೂ ಕೊರತೆಯಿಲ್ಲ, ಎಲ್ಲವೂ ಸುಳ್ಳು ಅಷ್ಟೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ. ಬೋರ್ನ್‌ವಿಟಾ ಡಬ್ಬಿಯಲ್ಲಿ ಹುರಿಗಡಲೆ. 'ಸಕ್ಕರೆ' ಎಂದು ಉಬ್ಬು ಅಕ್ಷರದಲ್ಲಿ ಕೆತ್ತಿದ ಸ್ಟೀಲ್ ಡಬ್ಬಿಯಲ್ಲಿ ಹರಳುಪ್ಪು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮುರುಗಲಿನ ಒಣಸಿಪ್ಪೆ, ಅದರ ಕೆಳಗೆ ಎಲ್‌ಐಸಿ ರಸೀದಿಗಳು. ಕಾಳುಮೆಣಸು ಎಲ್ಲೂ ಕಾಣಲಿಲ್ಲ. ಇಲ್ಲಿಂದ ಘಟ್ಟದತ್ತ ಹೊರಟರೆ ಸಿಗುವ ಗೇರುಸೊಪ್ಪೆಯಲ್ಲಿ ಹದಿನಾರನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಆ ಸೀಮೆಯ ಪಕ್ಕದಲ್ಲೇ ಹುಟ್ಟಿ ಬೆಳೆದ ನಾನು ನಾಲ್ಕು ಕಾಳು ಮೆಣಸಿಗಾಗಿ ಅಡುಗೆಮನೆಯಲ್ಲಿ ಮಂಡಿಯೂರಿ ತಡಕಾಡುತ್ತಿದ್ದೆ.

ಸೋತು ಅತ್ತೆಗೆ ಫೋನ್ ಮಾಡಿದೆ. ಸಾಗರದಾಚೆಯ ಆ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ತುದಿಯ ತೆಂಗಿನಮರದ ಬುಡದಲ್ಲಿ ಮಾತ್ರ. ಅವರು ಕೊಡೆ ಹಿಡಿದು ಅಲ್ಲಿಗೆ ಬಂದು ನಿಂತರು.

"ಅತ್ತೆ, ತಿಳಿಸಾರಿಗೆ ಏನೇನು ಹಾಕ್ತೀರಿ?"

"ಏನಿದ್ಯೋ ಅದನ್ನ ಹಾಕು."

"ಬೇಳೆ ಎಷ್ಟು?"

"ಒಂದು ಹಿಡಿ."

"ಯಾರ ಹಿಡಿ?"

"ಅಯ್ಯೋ ಮಾರಾಯ್ತಿ, ಸಾರು ಮಾಡೋರ ಹಿಡಿ!"

"ಹುಣಸೆಹಣ್ಣು?"

"ಅದು ಒಂದು…" ಇಲ್ಲಿ ಗಾಳಿ ಬೀಸಿತು. "…ಅಷ್ಟು ಗಾತ್ರ ಸಾಕು. ಜಾಸ್ತಿ ಹಾಕ್ಬೇಡ ಮತ್ತೆ." ಫೋನ್ ಹೋಯಿತು.

ಯಾವುದರಷ್ಟು ಗಾತ್ರ? ಗೋಲಿಯಷ್ಟೋ, ನೆಲ್ಲಿಕಾಯಿಯಷ್ಟೋ, ನಿಂಬೆಹಣ್ಣಿನಷ್ಟೋ? ಅಡುಗೆ ಪುಸ್ತಕಗಳಲ್ಲಿ ನಿಂಬೆಹಣ್ಣಿನ ಹೆಸರು ಹೆಚ್ಚಾಗಿ ಓದಿದ ನೆನಪು. ನಮ್ಮ ಮನೆಯಲ್ಲಿ ಆಗ ಇದ್ದದ್ದು ಹಿತ್ತಲಿನ ಗಜನಿಂಬೆ. ಅದನ್ನೇ ಪಕ್ಕದಲ್ಲಿಟ್ಟುಕೊಂಡು ಅಳತೆ ಸರಿಹೊಂದಿಸಿದೆ. ಅಲ್ಲಿಗೆ ಮನೆಯಲ್ಲಿದ್ದ ಹುಣಸೆಹಣ್ಣು ಮುಗಿಯಿತು.

ಪಾತ್ರೆ ತೊಳೆಯುವುದು ಉಳಿಯಲೆಂದು ತೊಗರಿಬೇಳೆ, ಹುಣಸೆಹಣ್ಣು, ಅರಿಸಿನ ಎಲ್ಲವನ್ನೂ ಒಟ್ಟಿಗೇ ಕುಕ್ಕರಿಗೆ ಹಾಕಿದೆ. ಆಮ್ಲದಲ್ಲಿ ಬೇಳೆ ಬೇಯುವುದಿಲ್ಲ. ಜೀವಕೋಶಗಳ ಗೋಡೆಯನ್ನು ಹಿಡಿದಿಡುವ ಪೆಕ್ಟಿನ್ ಕರಗುವುದಕ್ಕೆ ಹುಳಿ ಅಡ್ಡ ಬರುತ್ತದೆ. ಅದಕ್ಕೇ ನಮ್ಮ ಅಜ್ಜಿಯರೆಲ್ಲ ಬೇಳೆ ಬೆಂದ ಮೇಲೆ ಹುಳಿ ಬಿಡುತ್ತಿದ್ದದ್ದು. ನಿತ್ಯಜೀವನದಲ್ಲಿ ರಸಾಯನಶಾಸ್ತ್ರ ಎಂದು ಪ್ರತಿ ವರ್ಷ ನಾನು ಕೊಡುವ ಉದಾಹರಣೆಯೇ ಇದು. ಉದಾಹರಣೆ ತರಗತಿಯಲ್ಲೇ ಉಳಿದಿತ್ತು. ಕುಕ್ಕರ್ ಕೂಗಿ ಕೂಗಿ ಸುಸ್ತಾಯಿತು. ಮುಚ್ಚಳ ತೆಗೆದರೆ ಬೇಳೆ ಹಾಕಿದಾಗ ಹೇಗಿತ್ತೋ ಹಾಗೇ, ಸ್ನಾನ ಮುಗಿಸಿಕೊಂಡು ಬಂದ ಮಕ್ಕಳಂತೆ ಹೊಳೆಯುತ್ತ ಕೂತಿತ್ತು.

ಇರಲಿ, ತಿಳಿಸಾರಿಗೆ ತಿಳಿ ತಾನೇ ಮುಖ್ಯ? ನೀರು ಬೆರೆಸಿ, ಸಾರಿನ ಪುಡಿಯಂತೆ ಕಂಡ ಪುಡಿಯನ್ನು ಹಾಕಿ, ಉಪ್ಪು ಹಾಕಿ, ಒಂದು ಚಮಚ ಬಾಯಿಗಿಟ್ಟೆ. ಕಿವಿಯ ತನಕ ಹುಳಿ ಏರಿತು. ಬೆಲ್ಲ ಬೇಕು. ಮಲೆನಾಡಿನ ಮನೆ, ಇದ್ದದ್ದು ಜೋನಿಬೆಲ್ಲ. ಚಳಿಗೆ ಗಟ್ಟಿಯಾಗಿದ್ದ ಅದು ಬಾಟಲಿ ಬಗ್ಗಿಸಿದರೂ ಬರಲಿಲ್ಲ, ತಳಕ್ಕೆ ತಟ್ಟಿದರೂ ಬರಲಿಲ್ಲ, ಮನಸ್ಸು ಮಾಡಿದಾಗ ಒಟ್ಟಿಗೇ ಬಂದಿತು. ಈಗ ಸಾರು ಸಿಹಿಯಾಯಿತು. ಹುಳಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಅದು ನನಗೆ ಗೊತ್ತಿದ್ದದ್ದೇ. ಸಿಹಿ ಹುಳಿಯನ್ನು ನಾಲಿಗೆಯಿಂದ ಮರೆಮಾಚುತ್ತದೆ, ತಟಸ್ಥ ಮಾಡುವುದಿಲ್ಲ. ತಟಸ್ಥ ಮಾಡಬೇಕಾದರೆ ಕ್ಷಾರ ಬೇಕು.

ಆಗ ನನ್ನೊಳಗಿನ ಉಪನ್ಯಾಸಕಿ ಎದ್ದು ನಿಂತಳು. ಹುಣಸೆಹಣ್ಣಿನಲ್ಲಿರುವುದು ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಎರಡೂ ಸೇರಿದರೆ ಲವಣ, ನೀರು, ಇಂಗಾಲದ ಡೈಆಕ್ಸೈಡ್. ಜೊತೆಗೆ ಕ್ಷಾರದಲ್ಲಿ ಬೇಳೆ ಬೇಗ ಮೆತ್ತಗಾಗುತ್ತದೆ. ಒಂದು ಚಿಟಿಕೆಗೆ ಎರಡು ಹಕ್ಕಿ! ನಮ್ಮ ಅತ್ತೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಅವರಿಗೆ ಇದೆಲ್ಲಿ ಹೊಳೆಯಬೇಕು ಎಂದು ಮನಸ್ಸಿನಲ್ಲೇ ಹಿಗ್ಗಿ ಸೋಡಾ ಸುರಿದೆ. ಚಿಟಿಕೆ ಎಂದುಕೊಂಡೆ, ಪೊಟ್ಟಣದ ಅಭಿಪ್ರಾಯ ಬೇರೆ ಇತ್ತು.

ಸಾರು ಎದ್ದಿತು. ಪಾತ್ರೆಯ ಅಂಚು ದಾಟಿ, ಒಲೆಯ ಬರ್ನರ್ ಆರಿಸಿ, ಕಟ್ಟೆಯ ಮೇಲೆ ಹರಿದು ಸಿಂಕಿನ ಕಡೆ ಹೊರಟಿತು. ಗ್ಯಾಸ್ ಬಂದ್ ಮಾಡಿ, ಕಿಟಕಿ ತೆಗೆದು, ಉಳಿದದ್ದನ್ನು ಇನ್ನೂ ದೊಡ್ಡ ಪಾತ್ರೆಗೆ ಸುರಿದು ಮತ್ತೆ ಕುದಿಯಲಿಟ್ಟೆ. ನೊರೆ ಇಳಿಯಿತು. ಬೇಳೆ ನಿಜಕ್ಕೂ ಕರಗತೊಡಗಿತು. ಗೆದ್ದೆ ಎಂದುಕೊಂಡು ಬಗ್ಗಿ ನೋಡಿದರೆ, ಹಳದಿಯಾಗಿದ್ದ ಸಾರು ಕಣ್ಣೆದುರೇ ಇಟ್ಟಿಗೆಯ ಕೆಂಪಿಗೆ ತಿರುಗುತ್ತಿದೆ.

ಅರಿಸಿನ ಒಂದು ಸೂಚಕ. ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಹೈಸ್ಕೂಲ್ ಮಕ್ಕಳೂ ಅರಿಸಿನ ಬಳಿದ ಕಾಗದಕ್ಕೆ ಸಾಬೂನು ನೀರು ಹಾಕಿ ನೋಡುತ್ತಾರೆ. ಕುದಿಸಿದಾಗ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗುತ್ತದೆ, ಕ್ಷಾರ ಇನ್ನೂ ಪ್ರಬಲವಾಗುತ್ತದೆ. ಎಂದರೆ, ಟೈಟ್ರೇಷನ್ನಿನಲ್ಲಿ ನಾನು ಎಂಡ್ ಪಾಯಿಂಟ್ ದಾಟಿದ್ದೆ. ಲ್ಯಾಬಿನಲ್ಲಿ ಹೀಗಾದರೆ ಮಕ್ಕಳಿಗೆ ಹೇಳುವುದು ಒಂದೇ ಮಾತು: ಚೆಲ್ಲಿ, ಫ್ಲಾಸ್ಕ್ ತೊಳೆದು, ಮೊದಲಿನಿಂದ ಮಾಡು. ಇಲ್ಲಿ ಚೆಲ್ಲಿದರೆ ಇಡೀ ಮನೆಯ ಹುಣಸೆಹಣ್ಣು, ಜೋನಿಬೆಲ್ಲ ಎರಡೂ ಚರಂಡಿಗೆ. ರುಚಿ ನೋಡಿದೆ. ಬಟ್ಟೆ ಸೋಪಿಗೆ ಬೆಲ್ಲ ಹಾಕಿದರೆ ಹೇಗಿರುತ್ತದೆಂದು ಯಾರಿಗಾದರೂ ಕುತೂಹಲವಿದ್ದರೆ ನನ್ನನ್ನು ಕೇಳಬಹುದು.

ಮತ್ತೆ ಹುಳಿ ಬೇಕಾಯಿತು. ಬಿಸ್ಕತ್ತಿನ ಡಬ್ಬಿಯ ಮುರುಗಲು ನೆನಪಾಗಿ ಸಿಪ್ಪೆಗಳನ್ನು ಹಾಕುತ್ತ ಹೋದೆ. ಸಾರು ಹಳದಿಗೆ ಮರಳಿದ ಕ್ಷಣದಲ್ಲಿ ನಿಲ್ಲಿಸಬೇಕು, ಅಷ್ಟೇ. ಹಳದಿಗೆ ಮರಳಲಿಲ್ಲ. ಮುರುಗಲಿಗೇ ಒಂದು ಕೆಂಪಿದೆ. ನಮ್ಮ ಬೇಸಿಗೆಯ ಶರಬತ್ತಿಗೆ ಬಣ್ಣ ಬರುವುದೇ ಅದರಿಂದ. ಈಗ ಪಾತ್ರೆಯಲ್ಲಿರುವ ಕೆಂಪು ಅರಿಸಿನದ್ದೋ ಮುರುಗಲಿನದ್ದೋ, ಕ್ಷಾರದ್ದೋ ಆಮ್ಲದ್ದೋ ಹೇಳುವುದು ಹೇಗೆ? ಕಾಲೇಜಿನಲ್ಲಿ ಪಿಎಚ್ ಮೀಟರ್ ಇತ್ತು. ಮಂಟಪ ಮುಳುಗಿದ ದಿನ ಸಾರಿನ ಪಿಎಚ್ ನೋಡಲು ಲ್ಯಾಬ್ ತೆಗೆಸಿ ಎಂದು ಪ್ರಾಂಶುಪಾಲರನ್ನು ಕೇಳುವ ಧೈರ್ಯ ಬರಲಿಲ್ಲ.

ನನ್ನ ನಾಲಿಗೆಯಂತೂ ಅಷ್ಟು ಹೊತ್ತಿಗೆ ರಾಜೀನಾಮೆ ಕೊಟ್ಟಿತ್ತು. ಒಗ್ಗರಣೆಯಾದರೂ ಘನವಾಗಿರಲಿ ಎಂದು ತುಪ್ಪ ಕಾಯಿಸಿದೆ. ಮೆಣಸಿನಕಾಯಿ ಎರಡು ಬಗೆಯದಿತ್ತು: ಸುಕ್ಕುಸುಕ್ಕಾದದ್ದು, ನುಣುಪಾದದ್ದು. ಸುಕ್ಕಾದದ್ದು ಬ್ಯಾಡಗಿ, ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ಹಾವೇರಿಯ ಮಗುವಿಗೂ ಗೊತ್ತು. ಪಾತ್ರೆಯಲ್ಲಿ ಬಣ್ಣಕ್ಕೇನೂ ಕೊರತೆಯಿರಲಿಲ್ಲವಾದ್ದರಿಂದ ನುಣುಪಾದ ಗುಂಟೂರನ್ನೇ ಮುರಿದು ಹಾಕಿದೆ. ಇನ್ನು ಇಂಗು. ಅಂಗಡಿಯ ಡಬ್ಬಿ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುತ್ತದೆ. ಅದನ್ನು ಧಾರಾಳವಾಗಿ ಉದುರಿಸಬಹುದು. ಅತ್ತೆ ಇಡುವುದು ಗಟ್ಟಿ ಇಂಗು. ಅಫ್ಘಾನಿಸ್ತಾನ, ಇರಾನಿನ ಕಡೆಯ ಗಿಡದ ಬೇರನ್ನು ಗೀರಿ ಇಳಿಸುವ ಅಂಟು ಅದು. ಇಷ್ಟು ಶತಮಾನ ತಿಂದ ನಾವು ಅದರ ಗಿಡವನ್ನು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುವ ಪ್ರಯತ್ನ ಶುರುಮಾಡಿದ್ದು 2020ರಲ್ಲಿ. ಅದರ ವಾಸನೆಗೆ ಗಂಧಕದ ಸಂಯುಕ್ತಗಳು ಕಾರಣ ಎಂದು ನನಗೆ ಗೊತ್ತಿತ್ತು. ಸಾಸಿವೆ ಕಾಳಿನಷ್ಟು ಸಾಕು ಎಂದು ಗೊತ್ತಿರಲಿಲ್ಲ. ಕಡಲೆಕಾಳಿನಷ್ಟು ಹಾಕಿದೆ.

ಮಗ ಮಹಡಿಯಿಂದ ಇಳಿದು ಬಂದವನು ಅರ್ಧ ಮೆಟ್ಟಿಲಲ್ಲೇ ನಿಂತ. "ಅಮ್ಮಾ, ಏನು ಲೀಕ್ ಆಗ್ತಿದೆ?"

"ಒಗ್ಗರಣೆ ಕಣೋ."

ಅವನು ಬ್ರೆಡ್ಡು, ಜಾಮು ಎತ್ತಿಕೊಂಡು ಮೇಲೆ ಹೋಗಿ ಬಾಗಿಲು ಹಾಕಿಕೊಂಡ.

ಮೂವರಿಗೆಂದು ಹೊರಟ ಸಾರು ಇಷ್ಟು ಹೊತ್ತಿಗೆ ಗೌರಿಹಬ್ಬದ ದಬರಿಗೆ ಬಡ್ತಿ ಪಡೆದಿತ್ತು. ಬೇಳೆ ಪೂರ್ತಿ ಕರಗಿದ್ದರಿಂದ ತಿಳಿ ಎನ್ನುವಂತಿರಲಿಲ್ಲ. ಹುಳಿ ಎನ್ನೋಣವೆಂದರೆ ತರಕಾರಿ ಇಲ್ಲ. ಮಾಡಿಟ್ಟ ಅನ್ನವನ್ನೆಲ್ಲ ಅದಕ್ಕೇ ಸುರಿದು, ತಿರುವಿ, ಕೊಬ್ಬರಿ ತುರಿದುಹಾಕಿ ಬಿಸಿಬೇಳೆಬಾತ್ ಎಂದು ಹೆಸರಿಟ್ಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿನೋಡಿದರಂತೆ, ಅದೇ ನಿಂತುಬಿಟ್ಟಿತು. ಅವರಿಗೆ ಅಭಾವ ದಾರಿ ತೋರಿಸಿತು. ನನ್ನ ಸಂದರ್ಭದಲ್ಲಿ ಯಾವುದಕ್ಕೂ ಅಭಾವವಿರಲಿಲ್ಲ ಎನ್ನುವುದೇ ತೊಂದರೆ.

ಯಜಮಾನರ ಮುಂದೆ ತಟ್ಟೆ ಇಟ್ಟೆ. ಒಂದು ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು. ಇನ್ನೊಂದು ತುತ್ತು.

"ಭಾರಿ ಆಗಿದೆ ಕಣೇ!"

ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದೆ. ಮೂಗು ಕಟ್ಟಿದವರಿಗೆ ಪರಿಮಳ ತಿಳಿಯುವುದಿಲ್ಲ, ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಪರಿಮಳವೇ. ಅವರಿಗೆ ಆಗ ಸಿಗುತ್ತಿದ್ದದ್ದು ಉಪ್ಪು, ಹುಳಿ, ಸಿಹಿ, ಕಹಿ, ಮತ್ತು ಖಾರದ ಉರಿ. ಉರಿ ರುಚಿಯಲ್ಲ, ನೋವು. ಅದಕ್ಕೆ ಮೂಗಿನ ಅಪ್ಪಣೆ ಬೇಕಿಲ್ಲ. ವಿಜ್ಞಾನದ ದೃಷ್ಟಿಯಿಂದ ಅವರ ಮೆಚ್ಚುಗೆಗೆ ಯಾವ ಬೆಲೆಯೂ ಇಲ್ಲ. ಆದರೂ ಎರಡನೇ ಸಲ ಬಡಿಸುವಾಗ ಕೈ ಸ್ವಲ್ಪ ಕುಣಿದದ್ದು ಸುಳ್ಳಲ್ಲ. ಅವರು ಖಾರಕ್ಕೆ ನೀರು ಕೇಳಿದಾಗ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ ಎಂದು ವಿವರಿಸಿ ಮೊಸರು ಕೊಟ್ಟೆ. ನಾನು ತಿಂದದ್ದು ಬ್ರೆಡ್ಡು, ಜಾಮು, ಮಹಡಿಯಲ್ಲಿ, ಮಗನ ಪಕ್ಕ ಕೂತು.

ರಾತ್ರಿ ಅತ್ತೆ ಮತ್ತೆ ತೆಂಗಿನಮರದ ಬುಡಕ್ಕೆ ಬಂದರು.

"ಸಾರಾಯ್ತೇನೇ?"

"ಆಯ್ತು ಅತ್ತೆ. ಅವರಿಗೆ ತುಂಬಾ ಹಿಡಿಸ್ತು."

ಆ ಕಡೆ ಕೊಂಚ ಹೊತ್ತು ಮಳೆಯ ಸದ್ದು ಮಾತ್ರ. "ಪುಡಿ ಯಾವುದು ಹಾಕ್ದೆ?"

"ಸಣ್ಣ ಹಿತ್ತಾಳೆ ಡಬ್ಬೀದು."

"ಅಯ್ಯೋ, ಅದು ಕಷಾಯದ ಪುಡಿ! ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ಶುಂಠಿ ಎಲ್ಲ ಅದರಲ್ಲೇ ಇರೋದು. ಸಾರಿನ ಪುಡಿ ಫ್ರಿಜ್ಜಿನಲ್ಲಿ, ಐಸ್‌ಕ್ರೀಮ್ ಡಬ್ಬಿಯೊಳಗಿದೆ." ಆಮೇಲೆ ಏನೋ ಯೋಚಿಸಿ, "ಇರ್ಲಿ ಬಿಡು, ಅವನಿಗೆ ಶೀತ ಅಲ್ವಾ," ಎಂದರು. ಇಡೀ ದಿನದಲ್ಲಿ ಕಾಳುಮೆಣಸು ಎಲ್ಲಿತ್ತೆಂದು ತಿಳಿದದ್ದು ಆಗ.

ಕಷಾಯವೋ, ಗುಂಟೂರೋ, ಇಂಗೋ, ಯಾವುದು ಕೆಲಸ ಮಾಡಿತೋ ತಿಳಿಯದು. ಒಂದೇ ಪ್ರಯೋಗದಲ್ಲಿ ಅಷ್ಟೊಂದು ಬದಲಾವಣೆ ಮಾಡಿದರೆ ಯಾವ ತೀರ್ಮಾನಕ್ಕೂ ಬರಲಾಗದು. ಬೆಳಿಗ್ಗೆ ಯಜಮಾನರು ಎದ್ದಾಗ ಮೂಗು ಸಲೀಸಾಗಿ ಬಿಟ್ಟಿತ್ತು. ಉತ್ಸಾಹದಿಂದ ಸೀದಾ ಅಡುಗೆಮನೆಗೆ ಹೋಗಿ, ದಬರಿಯಲ್ಲಿ ಉಳಿದದ್ದನ್ನು ತಾವೇ ಬಿಸಿಮಾಡಿ ಬಡಿಸಿಕೊಂಡರು. ನಾನು ಬಾಗಿಲ ಹತ್ತಿರ ಉಸಿರು ಹಿಡಿದು ನಿಂತಿದ್ದೆ. ತುತ್ತು ಬಾಯಿಯ ಹತ್ತಿರ ಹೋಯಿತು, ತಡೆಯಿತು, ಹಾಗೂ ಹೀಗೂ ಒಳಗೆ ಹೋಯಿತು. ಅವರ ಮುಖ ನಿಧಾನವಾಗಿ ಬದಲಾಗಿ, ತುಂಬ ಬೇಜಾರಿನಿಂದ ನನ್ನತ್ತ ತಿರುಗಿದರು.

"ಛೆ, ನಿನ್ನೆ ಎಷ್ಟು ಚೆನ್ನಾಗಿತ್ತು! ಹಳಸಿಹೋಗಿದೆ ಕಣೇ."

"ಮಳೆಗಾಲ ಅಲ್ವೇನ್ರೀ," ಎಂದು ತಟ್ಟೆ ತೆಗೆದುಕೊಂಡೆ.