ಪ್ರಾಂಪ್ಟರ್ ರಾಯರು

ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ಲನ್ನು ಯಾರೂ ಹತ್ತುವುದಿಲ್ಲ. ಬಾಗಿಲಿನ ನೇರಕ್ಕೆ ನಿಂತರೆ ಸಾಕು, ಹಿಂದಿನವರು ಹತ್ತಿಸುತ್ತಾರೆ. ಒಳಗೆ ಹೋದ ಮೇಲೆ ಎರಡೂ ಕಾಲು ನಮ್ಮವೇ ಹೌದೋ ಎಂದು ನೋಡಿಕೊಳ್ಳಲು ಠಾಣೆ ಬರಬೇಕು. ನಮ್ಮ ಪ್ರಾಂಪ್ಟರ್ ರಾಯರು ಫೋರ್ಟಿನ ಬ್ಯಾಂಕೊಂದಕ್ಕೆ 34 ವರ್ಷ ಹೀಗೆ ಹೋಗಿ ಬಂದವರು. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ, ಅರ್ಧ ಮೈ ಒಳಗೆ ಅರ್ಧ ಮೈ ಹೊರಗೆ ಕೂತು, ಗುರುತಿಲ್ಲದವರಿಗೆ "ಥೋಡಂ ಸರ್ಕಾ" ಎನ್ನಲು ಅವರಿಗೆ ಒಂದು ದಿನವೂ ಅಳುಕಾದದ್ದಿಲ್ಲ.

ಅಳುಕು ಶುರುವಾಗುವುದು ರೈಲಿಳಿದು ಸಂಘದ ರಿಹರ್ಸಲ್ಲಿಗೆ ಬಂದ ಮೇಲೆ.

ಇಂಥವರು ಇಲ್ಲಿನ ಎಲ್ಲ ಕನ್ನಡ ಸಂಘಗಳಲ್ಲೂ ಇರುತ್ತಾರೆ. ಠಾಣೆಯಲ್ಲಿ ಒಬ್ಬರು, ಕಲ್ಯಾಣದಲ್ಲಿ ಒಬ್ಬರು, ನೆರೂಲಿನಲ್ಲಿ ಇಬ್ಬರಿದ್ದರೂ ಆಶ್ಚರ್ಯವಿಲ್ಲ. ನಾಟಕ ಮೊದಲಿಂದ ಕೊನೆಯವರೆಗೆ ಬಾಯಿಪಾಠ. ಬಣ್ಣ ಹಚ್ಚಿಕೊಳ್ಳಿ ಎಂದರೆ ಮಾತ್ರ ಮೈಯೆಲ್ಲ ಬೆವರು. ಠಾಣೆಯ ಗಡ್ಕರಿ ರಂಗಾಯತನ, ಕಲ್ಯಾಣದ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ, ಎಲ್ಲ ಕಡೆ ರಾಯರು ಹೋಗಿದ್ದಾರೆ. ಆದರೆ ಅವರು ನೋಡಿದ್ದು ನಟರ ಬಲಗಿವಿಯನ್ನು ಮಾತ್ರ.

"ರಾಯರೇ, ಈ ಸಲ ಒಂದು ಪಾರ್ಟು ಮಾಡಿ."

"ನನ್ನಿಂದ ಎಂತ ಆಗ್ಲಿಕ್ಕುಂಟು ಮಾರಾಯ್ರೆ! ಸ್ವರ ಸಣ್ಣ, ಆಳು ಸಣ್ಣ. ದೊಡ್ಡದು ಅಂತ ಇರುವುದು ಮೂಗೊಂದೇ."

ಮೂವತ್ತರಲ್ಲಿ ಅವರಿಗೆ ಅನುಭವ ಸಾಲದು. ನಲವತ್ತರಲ್ಲಿ ಮಗಳ ಹತ್ತನೇ ಕ್ಲಾಸು. ಐವತ್ತರಲ್ಲಿ ಬಿ.ಪಿ. ನಿವೃತ್ತಿಯಾದ ಮೇಲೆ "ಇನ್ನು ಈ ವಯಸ್ಸಿನಲ್ಲಿ?" ಸರಿಯಾದ ವಯಸ್ಸು ಅಂತ ಒಂದು ಬಂದದ್ದೇ ಆದರೆ, ರಾಯರು ರಜೆಯಲ್ಲಿ ಉಡುಪಿಗೆ ಹೋಗಿದ್ದಾಗ ಬಂದು, ಬೀಗ ನೋಡಿ ವಾಪಸಾಗಿರಬೇಕು.

ಆಸೆ ಇಲ್ಲವೆಂದಲ್ಲ. "ನಮ್ಮ ಬಾತ್‌ರೂಮಿಗೆ ದಿನಾ ತುಘಲಕ್ ಬರ್ತಾನೆ," ಎನ್ನುತ್ತಾರೆ ಅವರ ಮನೆಯವರು. "ನಳ್ಳಿಯಲ್ಲಿ ನೀರು ನಿಂತ ಮೇಲೂ ಹೋಗುವುದಿಲ್ಲ." ಒಮ್ಮೆ ಸುಲ್ತಾನನ ಸಿಟ್ಟು ಕೇಳಿ ಮೇಲಿನ ಮಹಡಿಯ ಮರಾಠಿ ಗೃಹಸ್ಥರು ಇಳಿದು ಬಂದು, "ವಹಿನಿ, ಸಗ್ಳಂ ಠೀಕ್ ಆಹೇ ನಾ?" ಎಂದು ವಿಚಾರಿಸಿಕೊಂಡು ಹೋಗಿದ್ದರಂತೆ.

ಅವರಿಗೆ ಧೈರ್ಯ ತುಂಬಲು ನಾನೂ ನೋಡಿದೆ. "ಚಿತ್ತಾಲರು ಕಂಪನಿಯ ಕೆಲಸ ಮಾಡಿಕೊಂಡೇ 1979ರಲ್ಲಿ 'ಶಿಕಾರಿ' ಕೊಡಲಿಲ್ಲವೇ?"

"ಅವರು ಚಿತ್ತಾಲರು!"

"ಜಯಂತ ಕಾಯ್ಕಿಣಿ ಇದೇ ಮುಂಬಯಿಯ ಔಷಧ ಕಂಪನಿಯಲ್ಲಿದ್ದು ಕತೆ ಬರೆದರಲ್ಲ?"

"ಅವರು ಕಾಯ್ಕಿಣಿ!"

"ಕಾರ್ನಾಡರು ಇಂಗ್ಲಿಷ್ ಕವಿಯಾಗಲು ಹೊರಟು ಕನ್ನಡ ನಾಟಕಕಾರರಾದವರು. 1938ರಲ್ಲಿ ಹುಟ್ಟಿದ್ದು ಇಲ್ಲೇ ನಮ್ಮ ಮಾಥೇರಾನಿನಲ್ಲಿ."

"ಅದು ಬೆಟ್ಟದ ಮೇಲೆ ಮಾರಾಯ್ರೆ. ನಾನು ಇರುವುದು ಗ್ರೌಂಡ್ ಫ್ಲೋರಿನಲ್ಲಿ."

ಕೊನೆಗೆ ವಿಷ್ಣುದಾಸ ಭಾವೆಯವರನ್ನೇ ಕರೆತಂದೆ. ಉತ್ತರ ಕನ್ನಡದ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ನೋಡಿದ ಅರಸರು, ಇಂಥದ್ದನ್ನು ಮರಾಠಿಯಲ್ಲೂ ಮಾಡು ಎಂದು ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು, ಮರಾಠಿ ರಂಗಭೂಮಿಗೆ ಅದೇ ನಾಂದಿಯಾಯಿತು. "ನಮ್ಮವರ ಆಟ ನೋಡಿ ಅವರು ಶುರುಮಾಡಿದರು. ನಿಮಗೇನು ಧಾಡಿ?"

ರಾಯರು ಒಂದು ಕ್ಷಣ ಯೋಚಿಸಿದರು. "ಅವರಿಗೆ ಹೇಳ್ಲಿಕ್ಕೆ ಅರಸರಿದ್ದರು. ನನಗೆ ಯಾರಿದ್ದಾರೆ?"

ರಾಯರ ಪಾಲಿನ ಅರಸ ಒಂದು ಭಾನುವಾರ ಮೆಗಾಬ್ಲಾಕ್ ರೂಪದಲ್ಲಿ ಬಂದ.

ಅಂದು ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಮಂದಿರದಲ್ಲಿ ನಮ್ಮ 'ತುಘಲಕ್'. ಕಾರ್ನಾಡರು ಅದನ್ನು ಕೊಟ್ಟದ್ದು 1964ರಲ್ಲಿ. ದಿಲ್ಲಿಯ ಜನರನ್ನೆಲ್ಲ ದೌಲತಾಬಾದಿಗೆ ನಡೆಸಿದ ಸುಲ್ತಾನನ ಕತೆ. ಬೇರೆ ಊರಿನವರಿಗೆ ಅದು ದುರಂತ. ಪ್ರಯಾಣವೇ ಪಾಡಾದ ನಮಗೆ ದಿನಚರಿ. ಮೂರನೇ ಗಂಟೆಗೆ ಹತ್ತು ನಿಮಿಷ ಇರುವಾಗ ಇತಿಹಾಸಕಾರ ಬರನಿಯ ಪಾತ್ರಧಾರಿಯಿಂದ ಫೋನು. ನೆರೂಲಿನಿಂದ ಹೊರಟವರು ಠಾಣೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ಸ್ಲೋ ಇಲ್ಲ, ಫಾಸ್ಟಿಗೆ ಕಾಲಿಡಲು ಜಾಗವಿಲ್ಲ, ರಿಕ್ಷಾದವನು ಬರಲು ಒಪ್ಪುತ್ತಿಲ್ಲ.

ನಿರ್ದೇಶಕರು ಚರ್ಚೆಗೆ ಹೋಗಲಿಲ್ಲ. ರಾಯರಿಗೆ ಗಡ್ಡ ಅಂಟಿಸಿದರು, ನಿಲುವಂಗಿ ತೊಡಿಸಿದರು. ಅದು ಆರಡಿಯವರ ಅಳತೆಯದು. ಅಂಚನ್ನು ನಾಲ್ಕು ಸೇಫ್ಟಿ ಪಿನ್ನು ಎತ್ತಿ ಹಿಡಿದವು. ರಾಯರು "ನನ್ನಿಂದ ಎಂತ..." ಎನ್ನುವಷ್ಟರಲ್ಲಿ ಹಿಂದಿನಿಂದ ಬೆನ್ನಿಗೊಂದು ನೂಕು ಬಿತ್ತು. ಅಪ್ಪಟ ಡೊಂಬಿವಲಿ ಪ್ಲಾಟ್‌ಫಾರ್ಮಿನ ನೂಕು. 34 ವರ್ಷದ ಅಭ್ಯಾಸ. ತಲೆ ಬೇಡವೆನ್ನುವ ಮೊದಲೇ ಕಾಲು ಒಳಗೆ ಹೋಗಿತ್ತು.

ರಂಗದ ಮೇಲೆ ರಾಯರು ಮೊದಲು ತಮ್ಮ ಮಾತನ್ನು ತಾವೇ ಪಿಸುಗುಟ್ಟಿಕೊಂಡರು. ಆಮೇಲೆ, ಕೇಳಿಸಿತು ಎಂಬಂತೆ ತಲೆಯಾಡಿಸಿ, ಗಟ್ಟಿಯಾಗಿ ಹೇಳಿದರು. ಎಲ್ಲ ಮಾತಿಗೂ ಇದೇ ಕ್ರಮ. ಇತಿಹಾಸಕಾರ ತೂಗಿ ಆಡುತ್ತಿದ್ದಾನೆ ಎಂದು ಸಭೆ ಮೆಚ್ಚಿತು. ಅಷ್ಟರಲ್ಲಿ ಸುಲ್ತಾನ ಮಾತು ಮರೆತು ಎಡ ವಿಂಗ್ ಕಡೆ ನೋಡಿದ. ಅಲ್ಲಿ ಖಾಲಿ ಸ್ಟೂಲು! ರಾಯರು ನಾಲ್ಕು ಹೆಜ್ಜೆ ಮುಂದೆ ಬಂದು, ಬಾಗಿ, ಸುಲ್ತಾನನ ಕಿವಿಯಲ್ಲಿ ಉಸುರಿದರು. ಸುಲ್ತಾನ ಗುಡುಗಿದ. ಆಸ್ಥಾನದವನೊಬ್ಬ ದೊರೆಯ ಕಿವಿ ಕಚ್ಚುವುದನ್ನು ಇಷ್ಟು ಸಹಜವಾಗಿ ಯಾರೂ ಮಾಡಿದ್ದಿಲ್ಲವೆಂದು ಚಪ್ಪಾಳೆ ಬಿತ್ತು. ಉಳಿದವರ ಮಾತಿಗೆಲ್ಲ ರಾಯರ ತುಟಿಯೂ ಆಡುತ್ತಿದ್ದುದನ್ನು ಕಂಡದ್ದು ಎರಡನೇ ಸಾಲಿನ ಒಬ್ಬ ಹುಡುಗ ಮಾತ್ರ. "ಅಮ್ಮಾ, ಆ ಅಜ್ಜ ಎಂತ ತಿಂತಿದ್ದಾರೆ?"

ಅಸಲಿ ಬರನಿ ಬಂದಾಗ ಪರದೆ ಬಿದ್ದಾಗಿತ್ತು. ಅವರಿಗೆ ಸಿಕ್ಕಿದ್ದು ಒಂದು ತಣ್ಣಗಿನ ಬಟಾಟೆ ವಡೆ.

ಗಡ್ಡ ಕೀಳುತ್ತಿದ್ದ ರಾಯರನ್ನು ಹೇಗಾಯ್ತು ಎಂದು ಕೇಳಿದೆ. "ಎಂತ ಆಯ್ತು? ಎರಡು ಸಾಲು ಬಿಟ್ಟುಹೋಯ್ತು!" ಅಳುಕು ಅವರನ್ನು ಬಿಟ್ಟು ಇಳಿದು ಹೋಗಿರಲಿಲ್ಲ. ಕೂತಲ್ಲೇ ತುಸು ಸರಿದು, ನಾಲ್ಕನೇ ಸೀಟಿನಷ್ಟು ಜಾಗ ಕೊಟ್ಟಿತ್ತು, ಅಷ್ಟೆ.

ಈ ವರ್ಷವೂ ಪಾರ್ಟು ಕೊಡಹೋದರೆ "ನನ್ನಿಂದ ಎಂತ ಆಗ್ಲಿಕ್ಕುಂಟು" ಎಂದೇ ಹೇಳಿ ಪ್ರತಿ ಹಿಡಿದು ವಿಂಗಿನಲ್ಲಿ ಕೂತಿದ್ದಾರೆ. ಆದರೆ ಕಳೆದ ಶನಿವಾರ ಬೆಳಿಗ್ಗೆಯೇ ಫೋನು ಬಂತು.

"ನಾಳೆ ಆದಿತ್ಯವಾರ ಠಾಣೆ–ಕಲ್ಯಾಣ ಮೆಗಾಬ್ಲಾಕ್ ಉಂಟಂತೆ."

"ನಾಟಕ ಇರುವುದು ಇನ್ನೂ ಮೂರು ತಿಂಗಳ ಮೇಲಲ್ಲವೇ ರಾಯರೇ?"

"ಹೌದೌದು, ಸುಮ್ಮನೆ ಹೇಳಿದೆ." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ: "ಈ ಸಲ ಹೀರೋ ಪಾರ್ಟಿನವರು ಎಲ್ಲಿಂದ ಬರುವುದು?"

"ಪನ್ವೇಲಿನಿಂದ."

"ಛೆ, ಪಾಪ," ಎಂದರು ರಾಯರು. "ತುಂಬಾ ದೂರ ಆಯ್ತು."